ಮೋಡದ ಪಾಲಿನ ಆರು ಕಿಲೋ

ಗುರುವಾರ, ಬೆಳಿಗ್ಗೆ ಹತ್ತೂವರೆ. ಚನ್ನರಾಯಪಟ್ಟಣದ ಕಾಲೇಜು ಮೈದಾನ. ಹಾಜರಿದ್ದವರು: ಸ್ಟ್ರೆಚರ್ ಮೇಲೆ ನನ್ನ ತಮ್ಮ, ಅವನ ಹೆಂಡತಿ ಅಂದರೆ ನನ್ನ ನಾದಿನಿ, ರೋಗಿಗಳನ್ನು ಒಯ್ಯುವ ಹೆಲಿಕಾಪ್ಟರಿನ ಪೈಲಟ್, ಒಬ್ಬ ವೈದ್ಯೆ, ತೂಕದ ಯಂತ್ರ ತಂದುಕೊಟ್ಟ ತೆಂಗಿನಕಾಯಿ ಮಂಡಿಯ ಯಜಮಾನರು, ನಾನು.

ಹಿಂದಿನ ಸಂಜೆ ದಂಡಿಗನಹಳ್ಳಿಯ ತೋಟದಲ್ಲಿ ತಮ್ಮ ಮರದಿಂದ ಬಿದ್ದು ಕತ್ತಿನ ಮೂಳೆಗೆ ಪೆಟ್ಟಾಗಿತ್ತು. ಕೈಗಳು ಜೋಮು ಹಿಡಿದಿದ್ದವು. ರಸ್ತೆಯ ಕುಲುಕಾಟ ಬೇಡ, ಮಧ್ಯಾಹ್ನದೊಳಗೆ ಬೆಂಗಳೂರು ಸೇರಿ ಶಸ್ತ್ರಚಿಕಿತ್ಸೆ ಆಗಬೇಕು ಎಂದಿದ್ದರು ಡಾಕ್ಟರು.

ನಾನು ಮೂವತ್ತು ವರ್ಷ ವಾಯುಪಡೆಯಲ್ಲಿ ಸರಕು ವಿಮಾನಗಳ ತೂಕದ ಪಟ್ಟಿ ಬರೆದವನು. ಖಾಲಿ ವಿಮಾನ, ಜನ, ಸರಕು, ಇಂಧನ, ಇಷ್ಟೂ ಸೇರಿ ಒಂದು ಮಿತಿ ದಾಟಬಾರದು. ಸರಕು ಹೆಚ್ಚಿದರೆ ಇಂಧನ ಇಳಿಸಬೇಕು, ಇಂಧನ ಇಳಿದಷ್ಟೂ ಹಾರುವ ದೂರ ಕಡಿಮೆ. ಬಿಸಿಲೇರಿದರೆ ಗಾಳಿ ತೆಳುವಾಗಿ ಆ ಮಿತಿಯೂ ಕುಗ್ಗುತ್ತದೆ. ಅಂದು ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ನಮ್ಮ ಕಡೆಯವರು ಬೆಂಗಳೂರಿಗೆ ಬರಿಗೈಲಿ ಹೋಗುವುದಿಲ್ಲ. ನಾದಿನಿ ಡಾಕ್ಟರಿಗೆಂದು ಒಂದು ಮೂಟೆ ಸುಲಿದ ಕಾಯಿ ತಂದಿದ್ದಳು. ಪೈಲಟ್ ಮೂಟೆಯನ್ನೂ ನನ್ನನ್ನೂ ನೋಡಿದರು.

ಕತ್ತಿಗೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದ ತಮ್ಮನೇ ಹೇಳಿದ: “ಲೇ, ಇಳ್ಸು ಅದ್ನ. ನಾನ್ ಓಗ್ಬೇಕೋ ಕಾಯಿ ಓಗ್ಬೇಕೋ?”

“ಬರಿಗೈಲಿ ಎಂಗ್ ಓಗದು?” ಎನ್ನುತ್ತಲೇ ಅವಳು ಮೂಟೆ ಇಳಿಸಿ ಯಂತ್ರದ ಮೇಲೆ ನಿಂತಳು. ಐವತ್ತೆಂಟು. ಬೆಳಿಗ್ಗೆ ಪೈಲಟ್ ಫೋನಿನಲ್ಲಿ ಕೇಳಿದಾಗ ಕಣ್ಣಳತೆಯಿಂದ ಐವತ್ತೆರಡು ಎಂದಿದ್ದವನು ನಾನೇ. ತೂಗದೆ ಬರೆದ ಎಷ್ಟು ಹುಡುಗರನ್ನು ಗದರಿಸಿದ್ದೆನೋ.

ಆರು ಕಿಲೋ ಹೆಚ್ಚು. “ಹಾರುವ ಮುಂಚೆ ಇಂಜಿನ್ ಓಡಿಸಿ ಅಷ್ಟು ಇಂಧನ ಉರಿಸಿಬಿಡಿ,” ಎಂದೆ. ನನ್ನ ತಪ್ಪಿಗೆ ಅವಳ ಬಟ್ಟೆಬರೆ ಇಳಿಸುವುದು ನನಗೆ ಬೇಡವಾಗಿತ್ತು.

“ದಾರಿಗೆ ಬೇಕಾದ್ದರ ಮೇಲೆ ಇರೋದು ಮೀಸಲು, ಸಾರ್. ಅದು ಮೋಡದ ಪಾಲು, ನಾನು ಮುಟ್ಟಲ್ಲ,” ಎಂದರು ಪೈಲಟ್. ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದರು. ದನಿ ಏರಿಸಲಿಲ್ಲ.

ನಾದಿನಿ ಬಟ್ಟೆಯ ಚೀಲ ಕೆಳಗಿಟ್ಟು ಎಕ್ಸ್‌ರೇ ಮತ್ತು ಒಂದು ಶಾಲು ಮಾತ್ರ ತೆಗೆದುಕೊಂಡಳು. “ಬಳೇನೂ ಬಿಚ್ಬೇಕಾ ಬಾವ?”

“ಬಳೆ ಇರ್ಲಮ್ಮ.”

ಚೀಲ ತೂಗಿದೆ: ಏಳು ಕಿಲೋ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹೆಲಿಕಾಪ್ಟರ್ ಮೇಲೆದ್ದಿತು.

ಹನ್ನೆರಡೂವರೆಗೆ ಅವಳ ಫೋನ್ ಬಂತು. “ಮಧ್ಯ ಮೋಡ ಅಡ್ಡ ಬಂದ್ಬುಡ್ತು ಬಾವ. ಸುತ್ತಾಕ್ಕೊಂಡ್ ಬಂದೋ. ಇಳಿದ್ಮೇಲೆ ಆ ಪೈಲಟ್ಟು, ಮೀಸ್ಲಲ್ಲಿ ಅರ್ಧ ಕರ್ಚಾಯ್ತು ಅಂತ ನಿಮ್ಗೆ ತಿಳ್ಸಿ ಅಂದ್ರು.”

ಆ ಪೈಲಟ್ ನಾನು ಹಿರಿಯನೆಂಬ ಮರ್ಯಾದೆಗೆ ನನ್ನ ಮಾತು ಕೇಳಿದ್ದರೆ ಎಂದು ನೆನೆದಾಗ ಈಗಲೂ ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ.

ಐದು ಗಂಟೆಗೆ ಮತ್ತೆ ಫೋನ್: “ಆಪರೇಷನ್ ಆಯ್ತು. ಬೆರಳಾಡುಸ್ತವ್ರೆ ಬಾವ.”

ಮೂಟೆಯಿಂದ ದೊಡ್ಡ ಕಾಯಿ ನಾಲ್ಕು ಆರಿಸಿ ಬೇರೆ ಚೀಲಕ್ಕೆ ಹಾಕಿ, ಪೈಲಟ್‌ಗೆ ಎಂದು ಚೀಟಿ ಬರೆದು ಕಟ್ಟಿದೆ. ಮೂಟೆ, ಬಟ್ಟೆಯ ಚೀಲ, ಈ ಚೀಲ, ಮೂರನ್ನೂ ಆರೂಕಾಲರ ಬೆಂಗಳೂರು ಬಸ್ಸಿಗೆ ಹಾಕಿ ಕಂಡಕ್ಟರಿಗೆ ಒಪ್ಪಿಸಿದೆ. ತೂಕದ ಯಂತ್ರದ ಧೂಳು ಒರೆಸಿ, ಮುಳ್ಳು ಸೊನ್ನೆಗೆ ತಂದು, ಏಳು ಗಂಟೆಯೊಳಗೆ ಮಂಡಿಗೆ ತಲುಪಿಸಿದೆ.