ಹೊಟ್ಟೆಯೊಳಗೆ ಗೇರ್ ಇಟ್ಟುಕೊಂಡ ಸೈಕಲ್

ಕೆರೆ ಏರಿಯ ಅರ್ಧಕ್ಕೆ ಬಂದಾಗ ನನ್ನ ತಂಗಿ ಶಾರದೆಯ ಕಾಲು ಗಾಳಿಯನ್ನು ತುಳಿಯಿತು.

ನಾನು ಅವಳ ಹಿಂದೆಯೇ ನನ್ನ ಹಳೆಯ ಸೈಕಲ್ ತಳ್ಳಿಕೊಂಡು ಏರುತ್ತಿದ್ದೆ. ಅವಳು ಗೇರ್ ಬದಲಿಸಿದಳು. ಸೀಟಿನಿಂದ ಎದ್ದು ಬಲಗಾಲಿನ ಮೇಲೆ ಭಾರ ಹಾಕಿದಳು. ಪೆಡಲ್ ಸರ್ರನೆ ಕೆಳಗಿಳಿಯಿತು, ಚಕ್ರ ಮಾತ್ರ ಮುಂದೆ ಹೋಗಲಿಲ್ಲ. ಸೈಕಲ್ ಎಡಕ್ಕೆ ಮಗುಚಿತು. ಕ್ಯಾರಿಯರ್‌ಗೆ ಕಟ್ಟಿದ್ದ ಎರಡು ಹಾಲಿನ ಕ್ಯಾನ್‌ಗಳಲ್ಲಿ ಒಂದರ ಮುಚ್ಚಳ ಹಾರಿತು. ಎದುರಿನಿಂದ ಮಣ್ಣು ತುಂಬಿದ ಟಿಪ್ಪರ್ ಇಳಿಯುತ್ತಿತ್ತು. ಡ್ರೈವರ್ ಬ್ರೇಕ್ ಹಾಕಿದ. ಟಿಪ್ಪರ್ ನಿಂತಾಗ ಅದಕ್ಕೂ ತಂಗಿಯ ತಲೆಗೂ ನಡುವೆ ಇದ್ದದ್ದು ಮಲಗಿದ ಸೈಕಲ್ ಒಂದೇ. ಚೆಲ್ಲಿದ ಹಾಲು ಜಲ್ಲಿಯ ಸಂದಿಯಲ್ಲಿ ಹರಿದು ಹೋಗುತ್ತಿತ್ತು.

ಶಾರದೆಯ ಮೊಣಕೈ ತರಚಿತ್ತು, ಅಷ್ಟೇ. ಎದ್ದು ಕೂತು ಅವಳು ಮೊದಲು ಕೇಳಿದ್ದು, "ಅಣ್ಣ, ಇನ್ನೊಂದು ಕ್ಯಾನ್ ಚೆಲ್ಲಿಲ್ಲ ತಾನೆ?"

ಈ ಸೈಕಲ್ ಬಗ್ಗೆ ಹೇಳಬೇಕು. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ಕಡೆ ಎದ್ದ ಬಡಾವಣೆಗಳಲ್ಲಿ ಒಂದು ಕುಟುಂಬ ಊರು ಬಿಡುವಾಗ ಮಾರಿದ್ದು. ಗೇರ್ ಸೈಕಲ್ ಎಂದರೆ ಸಾಮಾನ್ಯವಾಗಿ ಹಿಂಚಕ್ರದ ಪಕ್ಕದಲ್ಲಿ ಹಲ್ಲುಚಕ್ರಗಳ ಸಾಲು, ಅದರ ಕೆಳಗೆ ಜೋತಾಡುವ ಒಂದು ಸಲಕರಣೆ. ನಮ್ಮ ಸೂಲಿಬೆಲೆ ಕಡೆಯ ಮಣ್ಣು ದಾರಿಯಲ್ಲಿ ಒಂದು ಕಲ್ಲು ಬಡಿದರೆ ಅದು ಸೊಟ್ಟ. ಇದರಲ್ಲಿ ಹಾಗಿಲ್ಲ. ಮೂರು ಗೇರ್‌ಗಳೂ ಹಿಂಚಕ್ರದ ನಡುವಿನ ಹಬ್‌ನೊಳಗೇ ಇವೆ, ಚಿಪ್ಪಿನೊಳಗೆ ಕೊಬ್ಬರಿ ಇದ್ದ ಹಾಗೆ. ಹೊರಗೆ ಕಾಣುವುದು ಹ್ಯಾಂಡಲ್‌ನಿಂದ ಅಲ್ಲಿಗೆ ಹೋಗುವ ಸಣ್ಣ ಕೇಬಲ್ ಮಾತ್ರ.

ಎರಡು ಮಳೆಗಾಲ ಅದು ತಂಗಿಯನ್ನೂ ಹಾಲನ್ನೂ ಹೊತ್ತು ಡೇರಿಗೆ ಹೋಗಿ ಬಂದಿದೆ. ಅದಕ್ಕೆ ಮೊದಲು, ಯಾರದಾದರೂ ಬೈಕ್ ಆ ಕಡೆ ಹೋಗುತ್ತದೆಯೇ ಎಂದು ಅವಳು ಬಾಗಿಲಲ್ಲಿ ಕಾಯುತ್ತಿದ್ದಳು. ಈಗ ಕಾಯುವುದಿಲ್ಲ.

ಅವಳ ಗಂಡ ಮಂಜುನಾಥನಿಗೆ ಹೊಸಕೋಟೆ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸ. ಸುದ್ದಿ ಕೇಳಿ ಓಡಿಬಂದ. ಹೆದರಿಕೆಯೆಲ್ಲ ಸಿಟ್ಟಾಗಿ ಸೈಕಲ್ ಮೇಲೆ ತಿರುಗಿತು.

"ಹೊಟ್ಟೆ ಒಳಗೆ ಗೇರ್ ಇಟ್ಕೊಂಡಿರೋ ಸೈಕಲ್ ಈ ರೋಡಿಗೆ ಆಯ್ತದಾ ಭಾವ? ಒಳಗೆ ಏನ್ ಸವೆದೈತೋ ಯಾರಿಗ್ ಗೊತ್ತು. ಗುಜರಿಗೆ ಹಾಕ್ಬಿಡೋಣ."

"ಆಮೇಲೆ ಡೇರಿಗೆ?" ಎಂದಳು ಶಾರದೆ.

"ನಾನ್ ಬಿಡ್ತೀನಿ."

"ನಿಮಗೆ ಫಸ್ಟ್ ಶಿಫ್ಟ್ ಇದ್ದಾಗ?"

"ಯಾರಾದ್ರೂ ಹೋಗ್ತಿರ್ತಾರೆ."

ಶಾರದೆ ಬಾಗಿಲ ಕಡೆ ನೋಡಿದಳು. ಆ 'ಯಾರಾದ್ರೂ' ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬಿಚ್ಚಿ ನೋಡೋಣ, ಗುಜರಿ ಎಲ್ಲೂ ಓಡಿಹೋಗಲ್ಲ," ಎಂದೆ ನಾನು. (ನಿಜ ಹೇಳಬೇಕೆಂದರೆ, ನನಗೂ ಹಬ್ ಮೇಲೆಯೇ ಅನುಮಾನ.)

ಮೂವರೂ ಅದನ್ನು ಸೂಲಿಬೆಲೆಯ ಸೈಕಲ್ ಶಾಪಿಗೆ ಒಯ್ದೆವು. ಅಲ್ಲಿನ ಸಲೀಂ ಭಾಯ್ ಇಂಥದ್ದನ್ನು ಎಂದೂ ಬಿಚ್ಚಿದವರಲ್ಲ. "ಒಳಗೆ ಹಲ್ಲು ಹೋಗಿರ್ಬೇಕು ಸಾರ್. ತಿರುಗಿ ಜೋಡ್ಸಕ್ಕೆ ಬರ್ದಿದ್ರೆ ನನ್ನ ಬೈಬೇಡಿ," ಎಂದು ಷರತ್ತು ಹಾಕಿ ಶುರು ಮಾಡಿದರು. ತೆಗೆದ ಒಂದೊಂದು ಭಾಗವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ನಾನು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತ ಹೋದೆ. ಗ್ರೀಸ್ ಕಪ್ಪಾಗಿತ್ತು. ಹಲ್ಲುಗಳು? ಒಂದೂ ಮುರಿದಿರಲಿಲ್ಲ. ಬೆರಳಿಗೆ ಸಿಗುವಷ್ಟು ಸವೆತವೂ ಇರಲಿಲ್ಲ.

"ಎಲ್ಲಾ ಚೆನ್ನಾಗೈತಲ್ಲ ಸಾರ್," ಎಂದರು ಸಲೀಂ ಭಾಯ್, ಸ್ವಲ್ಪ ಬೇಜಾರಿನಲ್ಲೇ.

ಹೊಸ ಗ್ರೀಸ್ ತುಂಬಿ, ಫೋಟೋ ನೋಡಿಕೊಂಡು ಜೋಡಿಸಿದ್ದಾಯಿತು. ಖಾಲಿ ಸೈಕಲ್ ಬೀದಿಯಲ್ಲಿ ಸೊಗಸಾಗಿ ಓಡಿತು. "ಇಲ್ಲಿ ಓಡ್ತದೆ, ಏರಿ ಮೇಲೆ ಕೈ ಕೊಡ್ತದೆ," ಎಂದ ಮಂಜುನಾಥ.

ಶಾರದೆ ಹೇಳಿದಳು: "ಖಾಲಿ ಓಡ್ಸಿದ್ರೆ ಏನ್ ಗೊತ್ತಾಯ್ತದೆ? ಅವತ್ತು ಹೆಂಗ್ ಕಟ್ಟಿದ್ರೋ ಹಂಗೇ ಕಟ್ಟಿ."

ದಿನವೂ ಕ್ಯಾನ್ ಕಟ್ಟುವವಳು ಅವಳೇ. ಅವತ್ತು ಮಾತ್ರ, ಮಳೆಗೆ ದಾರಿ ಕೆಟ್ಟಿದೆ ಎಂದು ಮಂಜುನಾಥ ಕಟ್ಟಿದ್ದ. ಮನೆಗೆ ಬಂದು ಕ್ಯಾನ್‌ಗಳಿಗೆ ನೀರು ತುಂಬಿದೆವು. ಅವನು ಹಳೇ ಟ್ಯೂಬ್ ಸೀಳಿದ ರಬ್ಬರ್ ಪಟ್ಟಿ ತಂದ. ನಮ್ಮ ಕಡೆ ಹಾಲಿನ ಕ್ಯಾನ್, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರ್, ಎಲ್ಲವನ್ನೂ ಕಟ್ಟುವುದು ಅದರಲ್ಲೇ. ಕ್ಯಾರಿಯರ್‌ಗೆ ಬಿಗಿದ ಮೇಲೆ ಚಕ್ರದ ಪಕ್ಕದ ಫ್ರೇಮಿಗೂ ತಂದು, ಕಾಲು ಕೊಟ್ಟು ಎಳೆದ.

"ರೋಡ್ ಸರಿ ಇಲ್ವಲ್ಲ ಅಂತ ಒಂದ್ ಸುತ್ತು ಜಾಸ್ತಿ ಹಾಕಿದ್ದೆ," ಎಂದು ಆ ಸುತ್ತನ್ನೂ ಹಾಕಿದ.

ಶಾರದೆ ಗೇರನ್ನು ಮೂರರಿಂದ ಎರಡಕ್ಕೆ ತಂದಳು. ಹ್ಯಾಂಡಲ್‌ನಲ್ಲಿ ಎರಡು ಎಂದಿತು. ಪೆಡಲನ್ನು ಕೈಯಲ್ಲಿ ಒತ್ತಿದಳು. ಸರ್ರನೆ ಇಳಿಯಿತು. ಅವಳು ಕುಕ್ಕುರುಗಾಲಲ್ಲಿ ಕೂತು ನೋಡಿದಳು.

"ಇಲ್ಲ್ ನೋಡಿ."

ಆ ಜಾಸ್ತಿ ಸುತ್ತು ಕೇಬಲ್ಲನ್ನು ಫ್ರೇಮಿಗೆ ಅದುಮಿ ಹಿಡಿದಿತ್ತು. ಕೇಬಲ್ ಅರ್ಧಕ್ಕೇ ನಿಂತಿತ್ತು. ಹಬ್ ಮೂರನ್ನು ಬಿಟ್ಟಿತ್ತು, ಎರಡನ್ನು ಹಿಡಿದಿರಲಿಲ್ಲ.

ಮಂಜುನಾಥ ತಾನೇ ಪಟ್ಟಿ ಬಿಚ್ಚಿದ. ಅದನ್ನು ಕೈಗೆ ಸುತ್ತಿಕೊಳ್ಳುತ್ತ ಕೇಳಿದ, "ಹಂಗಾದ್ರೆ ನಾನೇ ಬೀಳ್ಸಿದ್ನಾ?"

"ಬಿಡಿ, ಕ್ಯಾನಂತೂ ಅಲ್ಲಾಡ್ಲಿಲ್ಲ," ಎಂದಳು ಶಾರದೆ.

ಇಂಥ ಹಬ್ ಒರಟು ದಾರಿಗೆ ತಡೆಯುತ್ತದೆಯೇ ಎಂದು ಈಗ ಊರಲ್ಲಿ ಅನೇಕರು ಕೇಳುತ್ತಾರೆ. ನಾನು ನೋಡಿದ್ದು ಒಂದೇ ಸೈಕಲ್, ಅಷ್ಟಕ್ಕೆ ಮಾತ್ರ ಸಾಕ್ಷಿ ಹೇಳಬಲ್ಲೆ: ತಡೆದಿದೆ. ಟ್ರ್ಯಾಕ್ಟರ್ ತೊಳೆಯುವ ಪ್ರೆಶರ್ ಪೈಪನ್ನು ಅದಕ್ಕೆ ಹಿಡಿಯಬೇಡಿ, ಒಳಗೆ ನೀರು ಹೋಗುತ್ತದೆ. ಗೇರ್ ಬದಲಿಸುವಾಗ ಕಾಲು ಸಡಿಲ ಬಿಡಿ. ಕೇಬಲ್ ಮೇಲೆ ಏನನ್ನೂ ಕಟ್ಟಬೇಡಿ.

ಮರುದಿನ ಬೆಳಿಗ್ಗೆ ಶಾರದೆ ತಾನೇ ಕ್ಯಾನ್ ಕಟ್ಟಿದಳು. ಮಂಜುನಾಥ ಕೈ ಹಿಂದೆ ಕಟ್ಟಿ ನಿಂತು ನೋಡಿದ. ಏರಿಯ ಅದೇ ಜಾಗಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಅವಳು ಗೇರ್ ಬದಲಿಸಿದಳು, ಸೀಟಿನಿಂದ ಎದ್ದಳು, ತುಳಿದಳು. ಚಕ್ರ ತಿರುಗಿತು. ಮೇಲಿಂದ ಟಿಪ್ಪರ್ ಇಳಿಯುವ ಹೊತ್ತಿಗೆ ಅವಳು ಏರಿ ದಾಟಿ ಡೇರಿಯ ಕಡೆ ತಿರುಗಿಯಾಗಿತ್ತು.

ನಿಮ್ಮ ಮನೆಯಲ್ಲೂ ಯಾರೋ ಅಕ್ಕರೆಯಿಂದ ಹಾಕಿದ ಆ ಒಂದು ಸುತ್ತು ಜಾಸ್ತಿ ಇರಬಹುದು, ಒಮ್ಮೆ ಬಗ್ಗಿ ನೋಡಿದ್ದೀರಾ?