ಶಿರಾದ ಪೇಟೆಯಲ್ಲಿ ಸಿಕ್ಕ ಮೊದಲ ಸೂಪರ್‌ಹೀರೋ

ಬೆಂಗಳೂರಿನ ಕಾಮಿಕ್ಸ್ ಮೇಳದಲ್ಲಿ ಸೂಪರ್‌ಹೀರೋ ಚಿತ್ರ ಬರೆಸಿಕೊಳ್ಳಲು ಮಗಳ ಜೊತೆ ಸಾಲಿನಲ್ಲಿ ನಿಂತಿದ್ದೆ. ಕಲಾವಿದರು ಮಾರ್ಕರಿನ ಮುಚ್ಚಳ ತೆಗೆದರು. ಪೇಂಟಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ಶಿರಾದ ಪೇಟೆಯಲ್ಲಿದ್ದೆ.

ಅಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ರಹಮತ್ ಮಾಮು ಇದ್ದರು. ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡೇ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಒಂದು ಸಂತೆಯ ದಿನ, ಕುರಿ ಮಾರಲು ಬಂದಿದ್ದ ಅವ್ವನ ಸೆರಗು ಹಿಡಿದುಕೊಂಡು ಅವರನ್ನು ಕೇಳಿದೆ.

"ಮಾಮು, ಟೀವಿಲಿ ಹಾರ್ತಾನಲ್ಲ, ಅಂಥ ಹೀರೋನ ಬರ್ಕೊಡಿ."

"ಹಾರಿ ಏನ್ ಮಾಡ್ತಾನಮ್ಮ ಅವ್ನು?"

"ಎಲ್ರುನ್ನೂ ಕಾಪಾಡ್ತಾನೆ. ನಮ್ಮವ್ವನೂ ಅಂಗೇ. ಮೊನ್ನೆ ತೋಳ ಕುರಿಮರಿ ಕಚ್ಕಂಡು ಹೋಯ್ತಿದ್ರೆ, ದೊಣ್ಣೆ ಹಿಡ್ಕಂಡು ಅಟ್ಟಿಸ್ಕಂಡ್ ಹೋಗಿ ಬಿಡಿಸ್ಕಂಡ್ ಬಂದ್ಬುಟ್ಳು!"

ಮಾಮು ಅವ್ವನ ಮೊಣಕೈಗೆ ಕಟ್ಟಿದ್ದ ಬಟ್ಟೆ ನೋಡಿದರು. "ಯಾ ಅಲ್ಲಾ!" ಎಂದವರೇ ಒಂದು ರಟ್ಟು ಎಳೆದುಕೊಂಡು ಬರೆಯತೊಡಗಿದರು.

ಚಿತ್ರದಲ್ಲಿ ಕೆಳಗೆ ಮಧುಗಿರಿ ಬೆಟ್ಟ ಬೆಲ್ಲದಚ್ಚಿನಷ್ಟು ಪುಟ್ಟದಾಗಿತ್ತು. ಅದರ ಮೇಲೆ, ಕಂಕುಳಲ್ಲಿ ಕುರಿಮರಿ ಅವುಚಿಕೊಂಡು, ಹೆಗಲ ಕಂಬಳಿಯನ್ನು ಗಾಳಿಗೆ ಬಿಟ್ಟು ನಮ್ಮವ್ವ ಹಾರುತ್ತಿದ್ದಳು.

"ಇದು ನಾನಾ? ನಾನು ಇಂಗಿದೀನಾ?" ಅವ್ವ ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು.

"ಇಂಗೇ ಇದೀಯ ಕಣಮ್ಮ," ಅಂದರು ಮಾಮು.

ನನ್ನ ಹೀರೋ ಚಿತ್ರಗಳ ಸಂಗ್ರಹ ಶುರುವಾದದ್ದು ಆ ರಟ್ಟಿನಿಂದ. ಆಮೇಲೆ ಎಷ್ಟೋ ಮೇಳ ಸುತ್ತಿದೆ, ಎಷ್ಟೋ ದೊಡ್ಡ ಕಲಾವಿದರಿಂದ ಬರೆಸಿಕೊಂಡೆ. ಇವತ್ತು ನನ್ನ ಫೈಲು ತಿರುವಿದ ಕಲಾವಿದರು ಆ ರಟ್ಟು ಬಂದಾಗ ಅದನ್ನು ಹತ್ತಿರಕ್ಕೆಳೆದುಕೊಂಡು ನೋಡಿದರು.

"ಇದು ಯಾವ ಹೀರೋ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು, "ನಮ್ಮಜ್ಜಿ."