ಅರ್ಧಕ್ಕೆ ನಿಂತ ಪೂರಿಯಾ

ಆ ಸುಳ್ಳು ಹೇಳಿದಾಗ ನಾನು ವೇದಿಕೆಯ ಎಡಗಡೆ, ಪರದೆಯ ಪಕ್ಕದಲ್ಲಿ, ಸುಶೀಲಕ್ಕನವರ ಬೆನ್ನ ಹಿಂದೆಯೇ ನಿಂತಿದ್ದೆ. ಬೆಳಗಾವಿಯ ಶಿವಬಸವ ನಗರದ ಒಂದು ಸಣ್ಣ ಸಭಾಂಗಣ. ಆರು ವರ್ಷಗಳ ಹಿಂದಿನ ಒಂದು ಭಾನುವಾರ, ದೀಪ ಹಚ್ಚುವ ಹೊತ್ತು.

ನಮ್ಮ ಸಂಗೀತ ಮಂಡಳಿಗೆ ಆಗ ನಾನು ಕಾರ್ಯದರ್ಶಿ. ಖಾನಾಪುರದಿಂದ ಬಂದಿದ್ದ ಗಾಯಕಿ ಸುಶೀಲಕ್ಕ ಪೂರಿಯಾ ರಾಗ ಎತ್ತಿಕೊಂಡಿದ್ದರು. ವಿಲಂಬಿತ — ಒಂದೊಂದು ಸ್ವರದ ಮೇಲೂ ಬಹಳ ಹೊತ್ತು ನಿಲ್ಲುವ ಹಾಡಿಕೆ. ನನಗೆ ಅದು ಎಂದೂ ಹಿಡಿಸಿರಲಿಲ್ಲ. ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ್ದೆಲ್ಲ... ನನಗೆ ಬೇಕಿದ್ದದ್ದು ಕೊನೆಗೆ ಹಾಡುವ ಅಭಂಗ, ಆ ಮರಾಠಿ ಭಕ್ತಿಗೀತೆ. ಅದಕ್ಕಾಗಿ ಕಾಯುತ್ತಿದ್ದೆ, ಅಷ್ಟೆ.

ಫೋನಿನಲ್ಲಿ ನೇರ ಪ್ರಸಾರ ಮಾಡಲೆಂದು ದೊಡ್ಡ ದೀಪಗಳನ್ನು ಅವರ ಮುಖಕ್ಕೆ ಹಿಡಿದಿದ್ದೆವು. ಎದುರಿನ ಜನ ಅವರಿಗೆ ಕಾಣುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಹಿಂದಕ್ಕೆ ವಾಲಿ, ಮೆಲ್ಲಗೆ ಕೇಳಿದರು:

“ಮಂದಿ ಹ್ಯಾಂಗ ಕುಂತಾರಪಾ?”

ಚೆನ್ನಾಗಿಯೇ ಕುಳಿತಿದ್ದರು. ಒಬ್ಬರೂ ಅಲುಗಿರಲಿಲ್ಲ. ನಾನು ನೋಡಿದ್ದೆ —

“ಬ್ಯಾಸತ್ತಾರ್ರಿ ಅಕ್ಕಾರ. ಆಕಳಸಾಕತ್ತಾರ. ಅಭಂಗ ಹಾಡಿಬಿಡ್ರಿ.”

“ಹೌದಾ,” ಎಂದರು. ಪೂರಿಯಾವನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಅಭಂಗ ಹಾಡಿದರು. ನನಗೆ ಖುಷಿಯಾಯಿತು — ಅದನ್ನೂ ಹೇಳಬೇಕು. ಕೊನೆಗೆ ಬಿದ್ದ ಚಪ್ಪಾಳೆ ಅಭಂಗಕ್ಕೇ ಬಿದ್ದದ್ದೆಂದು ಅವರು ತಿಳಿದರು.

ಬಾಗಿಲಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನನ್ನನ್ನು ತಡೆದರು. “ಏನ್ರಿ ಸೆಕ್ರೆಟರಿ, ಉಣ್ಣಾಕ ಕುಂದರ್ಸಿ ತಾಟ ಎತ್ತಿದಂಗಾತಲ್ರಿ! ಪೂರಿಯಾ ಯಾಕ ಅರ್ಧಕ್ಕ ಬಿಟ್ರು?”

“ಅಕ್ಕಾರಿಗೆ ದಣಿವಾಗಿತ್ರಿ,” ಎಂದೆ.

ಕೇಳುವವರಿಗೆ ಸಾಕಾಗಿದೆ ಎಂದು ಹಾಡುವವರಿಗೆ. ಹಾಡುವವರಿಗೆ ಸಾಕಾಗಿದೆ ಎಂದು ಕೇಳುವವರಿಗೆ. ಸಾಕಾಗಿದ್ದದ್ದು ನನಗೊಬ್ಬನಿಗೆ.

ಮರುವರ್ಷ ಮತ್ತೆ ಕರೆಯಲು ಖಾನಾಪುರಕ್ಕೆ ಹೋದೆ. ಚಹಾ ಕೊಟ್ಟರು. “ಬ್ಯಾಡಪಾ. ಬೆಳಗಾವಿ ಮಂದಿಗೆ ನನ್ನ ಹಾಡಿಕಿ ಸಾಕಾಗೇತಿ. ಸುಮ್ನ ಅವರಿಗ್ಯಾಕ ತ್ರಾಸ ಕೊಡೂದು?” ಎಂದು ನಕ್ಕರು. ಆಗಲಾದರೂ ಹೇಳಬಹುದಿತ್ತು. ಹೇಳಲೆಂದೇ ಬಾಯಿ ತೆರೆದೆ — ಚಹಾ ಚೆನ್ನಾಗಿದೆ ಎಂದೆ. ಅವರು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಕಳೆದ ತಿಂಗಳು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ವಿಲಂಬಿತ ಹಾಡಿಕೆಯ ಬಗ್ಗೆ ಮಾತನಾಡಲು ನನ್ನನ್ನೇ ಕರೆದರು. ಮಾತನಾಡಿದೆ. ಎಲ್ಲರೂ ನನ್ನತ್ತ ನೋಡುತ್ತಿದ್ದರು, ಒಬ್ಬರ ಹೊರತು. ಅವರು ಕೊನೆಯವರೆಗೂ ತಲೆ ಎತ್ತಲಿಲ್ಲ.

ಇಲ್ಲಿ ಬರೆದದ್ದರಲ್ಲಿ ಏನಾದರೂ ನನ್ನ ಅನುಕೂಲಕ್ಕೆ ತಿರುಗಿದ್ದರೆ, ತಿದ್ದಬಲ್ಲವರು ಈಗ ಅವರೊಬ್ಬರೇ. ಪೂರಿಯಾದ ಆ ಸಂಜೆ ಅಕ್ಕನವರ ಪಕ್ಕದಲ್ಲಿ ತಬಲಾ ನುಡಿಸುತ್ತಿದ್ದರು. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. ದೀಪಗಳು ಅವರ ಕಣ್ಣಿಗೆ ಹೊಡೆಯುತ್ತಿರಲಿಲ್ಲ; ಜನ ಹೇಗೆ ಕುಳಿತಿದ್ದರೆಂಬುದನ್ನೂ ಅವರು ಕಂಡಿದ್ದರು. ದಸ್ತಗೀರ್ ಸಾಹೇಬರು. ಮಹಾಂತೇಶ ನಗರದಲ್ಲಿದ್ದಾರೆ.